ಕಲ್ಲು ಮಗುಚುವ ಹಕ್ಕಿ

ಆ ಕಾಲದಲ್ಲಿ ನಮ್ಮೂರಿಗೆ ಯಾರಾದರೂ ಕೈಯಲ್ಲಿ ಪುಸ್ತಕ ಹಿಡಿದು ಬಂದರೆ ಜನ ಮೊದಲು ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು, ಆಮೇಲೆ ಮಾತಾಡಿಸುತ್ತಿದ್ದರು. ಮೀಟರು ಓದುವವನಿರಲಿ, ಜನಗಣತಿಗೆ ಬಂದ ಮೇಷ್ಟ್ರಿರಲಿ, ಕೇಳಿದ್ದಕ್ಕೆಲ್ಲ ಒಂದಿಷ್ಟು ಕಡಿಮೆಯೇ ಹೇಳಬೇಕು ಎಂಬುದು ನಮಗೆ ಮಗ್ಗಿಗಿಂತ ಮೊದಲು ಬಾಯಿಪಾಠವಾಗಿತ್ತು. ಎಮ್ಮೆ ಮೂರಿದ್ದರೆ ಎರಡು. ತೆಂಗಿನ ಮರ ಹನ್ನೆರಡಿದ್ದರೆ ‘ಏನೋ ಒಂದೆಂಟು ಅವೆ’. ನಿಮ್ಮ ಊರಲ್ಲೂ ಹೀಗೇ ಇದ್ದಿರಬೇಕು.

ನಮ್ಮೂರು ಅರಕೆರೆಯಿಂದ ಹೊಳೆಯ ಕಡೆಗೆ ಅರ್ಧ ಗಂಟೆಯ ನಡಿಗೆ. ಕಬ್ಬಿನ ಗದ್ದೆ ದಾಟಿ, ಹೊಂಗೆ ಮರದ ಸಾಲು ದಾಟಿದರೆ ಕಾವೇರಿ. ಯುಗಾದಿ ಕಳೆದು ಹೊಳೆ ಇಳಿಯುತ್ತಿದ್ದಂತೆ ನೀರಿನ ನಡುವೆ ತಿಟ್ಟುಗಳು ಒಂದೊಂದಾಗಿ ಮೈ ತೋರಿಸುತ್ತಿದ್ದವು. ಕೆಲವು ಬರೀ ಬಂಡೆ, ಕೆಲವು ಮರಳು, ಕೆಲವು ಎರಡೂ. ಬೇಸಿಗೆ ರಜದಲ್ಲಿ ನಾವು ಮಕ್ಕಳು ದಡದಲ್ಲಿ ನಿಂತು ಚಪ್ಪಟೆ ಕಲ್ಲನ್ನು ನೀರ ಮೇಲೆ ಕುಪ್ಪಳಿಸುವಂತೆ ಎಸೆಯುತ್ತಿದ್ದೆವು. ಐದು ಸಲ ಕುಪ್ಪಳಿಸಿ ಮೊದಲನೇ ತಿಟ್ಟಿಗೆ ಕಲ್ಲು ಮುಟ್ಟಿಸುವವಳು ಇಡೀ ಊರಲ್ಲಿ ನಾನೊಬ್ಬಳೇ ಇದ್ದೆ.

ಆ ತಿಟ್ಟುಗಳಲ್ಲಿ ಒಂದರ ಮೇಲೆ ನಮ್ಮ ಜಯತ್ತೆ ಸೌತೆ ಬೆಳೆಯುತ್ತಿದ್ದಳು. ಜಯತ್ತೆ ಅಪ್ಪನ ತಂಗಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು, ತವರಿಗೆ ಬಂದು ಒಂದು ತೆಪ್ಪ ಇಟ್ಟುಕೊಂಡಿದ್ದಳು. ಮರಳಲ್ಲಿ ಗುಳಿ ತೋಡಿ, ಗೊಬ್ಬರ ತುಂಬಿ, ಬೀಜ ಊರಿ, ದಿನಾ ಬಿಸಿಲೇರುವ ಮುಂಚೆ ಬಿಂದಿಗೆಯಲ್ಲಿ ನೀರು ಹೊಯ್ಯುವಳು. ಅವಳ ಸೌತೆಕಾಯಿಗೆ ಶ್ರೀರಂಗಪಟ್ಟಣದ ಸಂತೆಯಲ್ಲಿ ಬೇರೆಯೇ ಹೆಸರಿತ್ತು. ಆದರೆ ಆ ಮರಳಿಗೆ ಪತ್ರ ಇರಲಿಲ್ಲ, ಪಹಣಿ ಇರಲಿಲ್ಲ. ಹೊಳೆ ಬಿಟ್ಟುಕೊಟ್ಟಷ್ಟು ದಿನ ನಮ್ಮದು. ‘ಯಾರಾದ್ರೂ ಬಂದು ಕೇಳುದ್ರೆ ಮುಗೀತು’ ಎಂಬ ಭಯ ಅವಳಿಗೆ ಸದಾ ಇತ್ತು.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ಅದು. ಒಂದು ಬೆಳಿಗ್ಗೆ ಜಯತ್ತೆ ನನ್ನ ತಲೆ ಬಾಚುತ್ತಿದ್ದಳು. ಟೀ ಅಂಗಡಿಯ ಕುಳ್ಳಪ್ಪಣ್ಣ ಓಡಿಬಂದ.

“ಜಯಮ್ಮ, ಮೈಸೂರಿಂದ ಯಾರೋ ಒಂದು ಎಂಗ್ಸು ಬಂದದೆ. ಅಕ್ಕಿ ನೋಡ್ಬೇಕಂತೆ.”

ಅತ್ತೆಯ ಬಾಚಣಿಗೆ ನಿಂತಿತು. “ಯಾವಕ್ಕಿ? ಸೊಸೈಟಿ ಅಕ್ಕೀನಾ?”

“ಅದಲ್ಲ ಕಣವ್ವ, ಆರೋ ಅಕ್ಕಿ.”

“ಆರೋ ಅಕ್ಕಿ ಎಂಗಿರ್ತದೆ?”

ಕುಳ್ಳಪ್ಪಣ್ಣ ಎರಡೂ ಕೈ ಅಗಲಿಸಿ ರೆಕ್ಕೆ ಬಡಿದು ತೋರಿಸಿದ. ಆಗ ಅರ್ಥವಾಯಿತು. ಅರ್ಥವಾದ ಮೇಲೆ ಅತ್ತೆಯ ಅನುಮಾನ ಇನ್ನಷ್ಟು ಹೆಚ್ಚಿತು. ಅಕ್ಕಿ ನೋಡಲು ಬರುವವರನ್ನಾದರೂ ಅವಳು ಕಂಡಿದ್ದಳು.

ಆಕೆ ಹೊಂಗೆ ಮರದ ಕೆಳಗೆ ನಿಂತಿದ್ದರು. ಐವತ್ತು ದಾಟಿದ ಹೆಂಗಸು, ಹತ್ತಿ ಸೀರೆ, ಕಾಲಿಗೆ ಮಾತ್ರ ಹುಡುಗರು ಹಾಕುವ ಕ್ಯಾನ್ವಾಸ್ ಷೂ. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಪುಸ್ತಕ. ಹೆಸರು ವಸಂತಾ ಎಂದರು. ಹೈಸ್ಕೂಲಲ್ಲಿ ವಿಜ್ಞಾನ ಕಲಿಸಿ ಈಗ ನಿವೃತ್ತಿಯಂತೆ.

“ಚಳಿಗಾಲ ಕಳೆಯೋಕೆ ಇಲ್ಲಿಗೆ ಬಂದ ಹಕ್ಕಿಗಳು ಈಗ ಉತ್ತರಕ್ಕೆ ವಾಪಸ್ ಹೋಗ್ತಿರ್ತವೆ. ದಾರಿಯಲ್ಲಿ ಸುಸ್ತಾದವು ಇಂಥ ತಿಟ್ಟುಗಳ ಮೇಲೆ ಒಂದು ದಿನ ಇಳೀತವೆ” ಎಂದರು. “ಅದರಲ್ಲಿ ಒಂದು ಬಹಳ ಅಪರೂಪ. ಸಮುದ್ರದ ದಡದ್ದು. ಕಲ್ಲನ್ನ ಕೊಕ್ಕಲ್ಲಿ ಎತ್ತಿ ಮಗುಚಿ, ಅಡಿಯಲ್ಲಿರೋ ಹುಳ ತಿನ್ನುತ್ತೆ. ಈ ಕಡೆ ಒಂದು ಹಾರಿಹೋದ ಹಾಗಿತ್ತು ಅಂತ ಯಾರೋ ಹೇಳಿದರು. ಅದಕ್ಕೆ ಬಂದೆ. ತೆಪ್ಪದಲ್ಲಿ ಕರ್ಕೊಂಡು ಹೋಗ್ತೀರಾ?”

ಕುಳ್ಳಪ್ಪಣ್ಣ ನಮ್ಮನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. “ಕಲ್ ಮಗುಚೋ ಅಕ್ಕಿಯಂತೆ! ಕಲ್ ಮಗುಚಾಕೆ ಬಂದಿರೋಳು ಇವ್ಳೇ ಕಣವ್ವ. ಸುಲ್ತಾನ್ರ ಕಾಲ್ದ ಚಿನ್ನ ತಿಟ್ನಾಗದೆ ಅಂತ ಯಾರೋ ಏಳವ್ರೆ.”

“ಚಿನ್ನವೂ ಇಲ್ಲ ಮಣ್ಣೂ ಇಲ್ಲ. ಇವ್ಳು ಸರ್ವೆಯೋಳು” ಎಂದಳು ಅತ್ತೆ. ಶ್ರೀರಂಗಪಟ್ಟಣದ ಮೇಲುಗಡೆ ಸರ್ಕಾರ ಹಕ್ಕಿಗಳಿಗೆಂದು ಕಾಯ್ದಿಟ್ಟ ತಿಟ್ಟುಗಳಿಗೆ ಯಾರೂ ಬಲೆ ಹಿಡಿದು ಹೋಗುವಂತಿಲ್ಲ, ಮೇಕೆ ಬಿಡುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. “ಅಕ್ಕಿ ಅವೆ ಅಂತ ಬರ್ಕೊಂಡೋಗೋದು, ಆಮೇಲೆ ಬೇಲಿ ಆಕ್ಬುಡೋದು. ಇಂಗೇ ಸುರುವಾಗೋದು.”

ಹಾಗಾದರೆ ಕರೆದುಕೊಂಡು ಹೋಗಬೇಡ ಎಂದೆ ನಾನು. ಅತ್ತೆ ನನ್ನ ಜಡೆ ಎಳೆದಳು. “ದಡ್ಡಿ. ನಾನ್ ಕರ್ಕೊಂಡೋಗ್ದೆ ಇದ್ರೆ ಇನ್ಯಾರೋ ಕರ್ಕೊಂಡೋಗ್ತಾರೆ. ಏನ್ ಬರ್ಕೊಂಡ್ಳು ಅಂತ ನಮ್ಗೆ ಎಂಗ್ ಗೊತ್ತಾದಾತು? ನೀನೂ ಬಾ ಸವಿ. ನಿಂಗೆ ಓದಾಕ್ ಬತ್ತದೆ. ಪುಸ್ತಕದ ಮ್ಯಾಲೆ ಒಂದ್ ಕಣ್ಣಿಡು.”

ಹೀಗೆ ನಾನು ಹತ್ತನೇ ವಯಸ್ಸಿಗೆ ಪತ್ತೇದಾರಳಾದೆ.

ತೆಪ್ಪದ ತಳಕ್ಕೆ ಹೊಸದಾಗಿ ಟಾರು ಬಳಿದಿತ್ತು. ಬಿಸಿಲಿಗೆ ಅದು ಮೆತ್ತಗಾಗಿ ಬರುತ್ತಿದ್ದ ವಾಸನೆ ಈಗಲೂ ರಸ್ತೆ ಕೆಲಸ ನಡೆಯುವ ಕಡೆ ಮೂಗಿಗೆ ಬಡಿದರೆ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಅತ್ತೆ ನಿಂತು ಹುಟ್ಟು ಹಾಕುತ್ತಿದ್ದಳು. ಮೇಡಂ ದುರ್ಬೀನು ಎತ್ತಿದಾಗೆಲ್ಲ ಅದು ಯಾವ ಕಡೆ ತಿರುಗಿತು ಎಂದು ನಾನು ನೋಡುತ್ತಿದ್ದೆ. ಮೊದಲನೇ ತಿಟ್ಟಿನಲ್ಲಿ ಬಾಲ ಕುಣಿಸುವ ಹಳದಿ ಹಕ್ಕಿಗಳು, ಉದ್ದ ಕಾಲಿನ ಎರಡು ಹಕ್ಕಿ. ಮೇಡಂ ಬರೆದುಕೊಂಡರು. ನಾನು ಹೆಗಲ ಹಿಂದಿನಿಂದ ಇಣುಕಿದೆ. ಇಂಗ್ಲಿಷು. ಅಕ್ಷರ ಕೂಡಿಸಿ ಓದಿದರೂ ಅರ್ಥವಾಗಲಿಲ್ಲ.

“ನೋಡ್ತೀಯಾ?” ಎಂದು ಅವರು ದುರ್ಬೀನನ್ನು ನನ್ನ ಕೊರಳಿಗೇ ಹಾಕಿದರು. ಆಮಿಷ ಒಡ್ಡಿ ಒಳಗೆ ಹಾಕಿಕೊಳ್ಳುವವರ ಕಥೆ ನಮ್ಮಜ್ಜಿ ಬಹಳ ಹೇಳಿದ್ದಳು. ಆದರೂ ನೋಡಿದೆ. ಹೊಳೆಯಾಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಬಳೆ ಕೈಗೆ ಸಿಗುವಷ್ಟು ಹತ್ತಿರವಾಯಿತು. ಇಷ್ಟು ಹತ್ತಿರ ಕಾಣುವುದಾದರೆ ಇವರಿಗೆ ನಮ್ಮ ಹಟ್ಟಿಯ ಎಮ್ಮೆಗಳೂ ಕಂಡಿರುತ್ತವೆ ಎಂದುಕೊಂಡು, ತಟ್ಟನೆ ಹಿಂದಕ್ಕೆ ಕೊಟ್ಟೆ.

ಎರಡನೆಯದೇ ನಮ್ಮ ತಿಟ್ಟು. ಮೇಲಿನ ಅರ್ಧ ಮರಳು, ಅದರಲ್ಲಿ ಸೌತೆ ಬಳ್ಳಿ. ಕೆಳಗಿನ ತುದಿ ಬಂಡೆ, ಉರುಟುಗಲ್ಲು. ಇಳಿದ ಕೂಡಲೇ ಮೇಡಂ ಕೇಳಿದರು, “ಅರೆ, ತೋಟ! ಯಾರದ್ದು ಇದು?”

“ಯಾರ್ದೋ ಏನೋ. ನಮ್ದಲ್ಲ” ಎಂದಳು ಅತ್ತೆ.

ನಾನು ನೆಲ ನೋಡಿದೆ. ಮೇಡಂ “ತುಳಿಯೋದು ಬೇಡ, ಪಾಪ” ಎಂದು ಷೂ ಕಳಚಿ ಕೈಯಲ್ಲಿ ಹಿಡಿದು, ಬಳ್ಳಿಗಳನ್ನು ಸುತ್ತಿ ಸುತ್ತಿ ನಡೆದರು. ಬಿಸಿಲು ಏರುತ್ತಿತ್ತು. ಆ ದಿನ ನೀರು ಕಾಣದ ಎಲೆಗಳು ಆಗಲೇ ಜೋಲು ಬಿದ್ದಿದ್ದವು. ತನ್ನದಲ್ಲ ಎಂದುಬಿಟ್ಟ ಮೇಲೆ ಅತ್ತೆ ನೀರು ಹೊಯ್ಯುವುದಾದರೂ ಹೇಗೆ? ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಸುಮ್ಮನೆ ನಿಂತಿದ್ದಳು.

ಮೇಡಂ ತಿಟ್ಟಿನ ಅಂಚಿನುದ್ದಕ್ಕೂ ಹೆಜ್ಜೆ ಎಣಿಸಿಕೊಂಡು ಹೋದರು. ನಡುನಡುವೆ ಕುಕ್ಕರಗಾಲಲ್ಲಿ ಕೂತು ನೆಲ ನೋಡುವರು, ಬರೆಯುವರು. ನಾನು ಹಿಂದೆಯೇ ಇದ್ದೆ. ಪುಟದಲ್ಲಿ ಈ ಸಲ ಅಕ್ಷರವಲ್ಲ, ಚಿತ್ರ. ನಮ್ಮ ತಿಟ್ಟಿನ ಆಕಾರ! ಒಂದು ಕಡೆ ಕನ್ನಡದಲ್ಲೇ ‘ಸೌತೆ ತೋಟ’ ಎಂದಿತ್ತು, ಇನ್ನೊಂದು ಕಡೆ ಕೆಂಪು ಶಾಯಿಯಲ್ಲಿ ಏಳು ಗುಣಿಸು ಗುರುತು. ಓಡಿಹೋಗಿ ಅತ್ತೆಯ ಕಿವಿಗೆ ಹೇಳಿದೆ.

“ನಕ್ಸೆ ಬರ್ದವ್ಳಾ? ನೀನೇ ನೋಡ್ದಾ?”

“ಊಂ. ಕೆಂಪು ಗುರುತು ಅವೆ. ಏಳು.”

ಅತ್ತೆ ಬಿಂದಿಗೆಯನ್ನು ಕೆಳಗಿಟ್ಟಳು. “ಕಂಬ ನೆಡೋ ಜಾಗ ಇರ್ಬೇಕು. ಬೇಲಿ ಕಂಬ” ಎಂದಳು.

ಹೊತ್ತು ನೆತ್ತಿಗೆ ಬಂದಾಗ ನಾವು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿದೆವು. ಮೇಡಂ ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೆ ಹಾಕಿದರು. ತಿನ್ನಲೋ ಬೇಡವೋ ಎಂದು ಅತ್ತೆಯ ಮುಖ ನೋಡಿದೆ. ಅತ್ತೆ ಕಣ್ಣಲ್ಲೇ ಬೇಡ ಎಂದಳು. ನಿಂಬೆಹುಳಿಯ, ಹುರಿದ ಕಡಲೆಬೀಜದ ಆ ವಾಸನೆಗೆ ನನ್ನ ನಾಲಿಗೆ ಸೋತಿತು, ತಿಂದೆ. ಉಂಡಾದ ಮೇಲೆ ಮೇಡಂ ದೊಡ್ಡ ಬಂಡೆಯ ನೆರಳಲ್ಲಿ ಕೂತು, ಮರಳಿನ ಅಂಚಿನ ಕಡೆ ದುರ್ಬೀನು ನೆಟ್ಟರು. ನಾನು ಬಂಡೆಯ ಹಿಂಬದಿಗೆ ಹೋದೆ.

ಅಲ್ಲಿ ಅದು ಇತ್ತು.

ಗೊರವಂಕಕ್ಕಿಂತ ಕೊಂಚ ದಪ್ಪ. ಬೆನ್ನು ಹೆಂಚಿನ ಬಣ್ಣ, ನಡುವೆ ಕಪ್ಪು. ಬಿಳಿ ಮುಖಕ್ಕೆ ಯಾರೋ ಕಾಡಿಗೆ ಕೈಯಲ್ಲಿ ಸವರಿದ ಹಾಗೆ ಪಟ್ಟೆ. ಗಿಡ್ಡ ಕಾಲುಗಳು ಹಣ್ಣಾದ ಕಿತ್ತಳೆಯಂತೆ. ನನ್ನಿಂದ ಹತ್ತು ಮಾರು ದೂರದಲ್ಲಿ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಕಲ್ಲಿನ ಅಡಿಗೆ ಕೊಕ್ಕು ತೂರಿಸುವುದು, ತಲೆಯನ್ನೊಮ್ಮೆ ಝಾಡಿಸುವುದು. ಕಲ್ಲು ಮಗುಚಿ ಬೀಳುತ್ತಿತ್ತು. ಕೆಳಗಿನ ಒದ್ದೆಯಲ್ಲಿ ಸಿಕ್ಕಿದ್ದನ್ನು ನುಂಗಿ ಮುಂದಿನ ಕಲ್ಲಿಗೆ. ಒಂದು ಕಲ್ಲು ಅಲುಗಲಿಲ್ಲ. ಅದು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು, ಎದೆಯಿಂದ ನೂಕಿತು. ನನಗೆ ನಗು ಬಂತು. ಬಾಯಿ ಮುಚ್ಚಿಕೊಂಡೆ.

ಮೇಡಂ ಸುಳ್ಳು ಹೇಳಿರಲಿಲ್ಲ.

ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅವರು ಬಂಡೆಯ ಆಚೆ ಬದಿಯಲ್ಲೇ ಇದ್ದರು, ಕೆಮ್ಮಿದ್ದು ಕೇಳಿಸುತ್ತಿತ್ತು. ಆದರೆ ನನ್ನ ತಲೆಯಲ್ಲಿ ಏಳು ಕೆಂಪು ಗುರುತುಗಳಿದ್ದವು. ಈ ಹಕ್ಕಿಯನ್ನು ಅವರು ನೋಡಿದರೆ ಬರೆದುಕೊಳ್ಳುತ್ತಾರೆ. ಬರೆದುಕೊಂಡರೆ ಕಂಬ ಬರುತ್ತದೆ. ಆಮೇಲೆ ಅತ್ತೆ ಎಲ್ಲಿ ಬೀಜ ಊರುತ್ತಾಳೆ?

ಕೈಗೆ ಸಿಕ್ಕ ಚಪ್ಪಟೆ ಕಲ್ಲನ್ನು ಎತ್ತಿ ಬೀಸಿದೆ. ಅದಕ್ಕೆ ತಾಗಲಿ ಎಂದಲ್ಲ. ಪಕ್ಕದ ಬಂಡೆಗೆ ಬಡಿಯಿತು. ಹಕ್ಕಿ ಚಟಚಟ ಎಂದು ಕೂಗುತ್ತ ಎದ್ದಿತು. ರೆಕ್ಕೆ ಬಿಚ್ಚಿದಾಗ ಬೆನ್ನ ತುಂಬ ಬಿಳಿ ಗೀರುಗಳು ಮಿಂಚಿದವು. ನೀರಿನ ಮೇಲೆ ತೀರ ತಗ್ಗಿ ಹಾರಿ, ತಿರುವಿನಲ್ಲಿ ಮರೆಯಾಯಿತು.

ಮೇಡಂ ಎದ್ದು ಬಂದರು. “ಏನದು ಕೂಗಿದ್ದು? ಸವಿತಾ, ಏನದು?”

“ಏನಿಲ್ಲ ಮೇಡಂ. ಟಿಟ್ಟಿಭ. ದಿನಾ ಇಲ್ಲೇ ಕೂಗ್ತಿರ್ತವೆ.”

ಅವರು ಬಹಳ ಹೊತ್ತು ಹೊಳೆಯ ತಿರುವನ್ನೇ ನೋಡಿದರು. ಆಮೇಲೆ ಕೆಳಗೆ, ಆಗಷ್ಟೇ ಮಗುಚಿ ಬಿದ್ದಿದ್ದ ಕಲ್ಲುಗಳ ಒದ್ದೆ ಬೆನ್ನುಗಳನ್ನು ನೋಡಿದರು. “ನೀನು ಇಲ್ಲಿ ಕಲ್ಲು ಎತ್ತಿದ್ಯಾ?”

“ಊಂ. ಏಡಿ ಹುಡುಕ್ತಿದ್ದೆ.”

ಅವರು ನೆರಳಿಗೆ ಹೋದರು. ನಾನು ಗೆದ್ದಿದ್ದೆ. ಗೆದ್ದಾಗ ಆಗಬೇಕಾದ ಸಂತೋಷ ಮಾತ್ರ ಎಲ್ಲೂ ಇರಲಿಲ್ಲ.

ಆಮೇಲೆ ಅರ್ಧ ಗಂಟೆಯೂ ಆಗಿರಲಿಲ್ಲ. ಮರಳ ಮೇಲೆ ಕೂತಿದ್ದ ಚಿಟವಗಳು, ಅಂಗೈಯಗಲದ ಬೂದು ಹಕ್ಕಿಗಳು, ಒಟ್ಟಿಗೇ ಎದ್ದು ತಲೆಯ ಮೇಲೆ ಸುತ್ತುತ್ತ ಅರಚತೊಡಗಿದವು. ಮೇಡಂ ದುರ್ಬೀನನ್ನು ಆಕಾಶಕ್ಕೆ ಎತ್ತಲಿಲ್ಲ, ನೀರಿನ ಅಂಚಿಗೆ ಹಿಡಿದರು.

“ಜಯಮ್ಮ! ನೀರು ಏರ್ತಿದೆ!”

ಮೇಲಿನ ಕಟ್ಟೆಯಿಂದ ಕೆಳಗಿನ ಊರುಗಳಿಗೆ ನೀರು ಬಿಟ್ಟಿದ್ದರು. ಬೇಸಿಗೆಯಲ್ಲಿ ಒಮ್ಮೊಮ್ಮೆ ಹಾಗಾಗುತ್ತಿತ್ತು. ಮೇಡಂ ಬಂಡೆಯ ಮರೆಯಲ್ಲಿದ್ದಾರಲ್ಲ ಎಂದು ಅತ್ತೆ ಕೊನೆಯ ಸಾಲಿನಲ್ಲಿ ಕದ್ದು ನೀರು ಹೊಯ್ಯುತ್ತಿದ್ದಳು. ಅವಳು ತಲೆ ಎತ್ತುವಷ್ಟರಲ್ಲಿ ಅಂಚಿನಲ್ಲಿದ್ದ ತೆಪ್ಪ ಮರಳು ಬಿಟ್ಟು ತೇಲಿತ್ತು, ಮೆಲ್ಲಗೆ ತಿರುಗುತ್ತ ಸೆಳವಿನ ಕಡೆ ಸರಿಯುತ್ತಿತ್ತು.

ಹತ್ತಿರವಿದ್ದವರು ಮೇಡಂ. ಸೀರೆಯುಟ್ಟಂತೆಯೇ ನೀರಿಗೆ ನುಗ್ಗಿದರು. ಮೊಣಕಾಲು, ಸೊಂಟ, ಎದೆ. ಕಾಲು ಜಾರಿ ಒಮ್ಮೆ ಪೂರ್ತಿ ಮುಳುಗಿದರು. ನಾನು ಕಿರುಚಿದೆ. ಎದ್ದಾಗ ಅವರ ಕೈಯಲ್ಲಿ ತೆಪ್ಪದ ಹಗ್ಗವಿತ್ತು. ಅತ್ತೆ ಓಡಿಹೋಗಿ ಅವರ ರಟ್ಟೆ ಹಿಡಿದು ಎಳೆದಳು.

ಇಬ್ಬರೂ ಮರಳಲ್ಲಿ ಕುಸಿದು ಕೂತರು. ದುರ್ಬೀನನ್ನು ಓರೆ ಮಾಡಿದರೆ ಒಳಗಿಂದ ನೀರು ಸುರಿಯಿತು. ಪುಸ್ತಕ ಬಂಡೆಯ ಮೇಲೆ ಉಳಿದಿತ್ತು. ನಾನು ತಂದುಕೊಟ್ಟೆ. ಮೇಡಂ ಆ ಚಿತ್ರದ ಪುಟ ತೆಗೆದು, ಕೆಂಪು ಗುರುತುಗಳಲ್ಲಿ ಐದರ ಮೇಲೆ ಒಂದೊಂದಾಗಿ ಗೆರೆ ಎಳೆದರು.

ಅತ್ತೆ ತಡೆಯಲಾರದೆ ಕೇಳಿದಳು. “ಅದೇನಮ್ಮ ಅವು?”

“ಗೂಡುಗಳು. ಚಿಟವದ ಮೊಟ್ಟೆ ಇದ್ದ ಜಾಗ. ಗೊತ್ತಿಲ್ಲದೆ ಯಾರಾದರೂ ತುಳಿದಾರು ಅಂತ ಗುರುತು ಮಾಡಿದ್ದೆ. ಏಳರಲ್ಲಿ ಐದು ನೀರಿಗೆ ಹೋದವು.”

ತೆಪ್ಪದಲ್ಲಿ ಕೂತ ಮೇಲೆ ಅತ್ತೆ ಹುಟ್ಟು ಹಾಕುತ್ತ, ಬೇರೆ ಕಡೆ ನೋಡುತ್ತ ಹೇಳಿದಳು. “ಆ ಸೌತೆಕಾಯಿ ನಮ್ದೇ ಕಣಮ್ಮ.”

“ಗೊತ್ತಿತ್ತು” ಎಂದು ಮೇಡಂ ಸೀರೆಯ ಸೆರಗು ಹಿಂಡಿದರು. “ಬಂದಾಗಿನಿಂದ ನಿಮ್ಮ ಕಣ್ಣು ಗಿಡದ ಮೇಲೇ ಇತ್ತು.”

ಆಗ ನಾನು ಆ ಹಕ್ಕಿಯ ವಿಷಯ ಹೇಳಬಹುದಿತ್ತು. ಹೇಳಲಿಲ್ಲ. ಸಂಜೆಯ ಬಸ್ಸಿಗೆ ಅತ್ತೆ ಅವರ ಚೀಲಕ್ಕೆ ಎಂಟು ಎಳೆ ಸೌತೆಕಾಯಿ ತುಂಬಿ ಕಳಿಸಿದಳು. ಬಸ್ಸು ತಿರುಗಿದ ಮೇಲೆ, “ಒಳ್ಳೆಯೋಳು ಕಣಮ್ಮಿ” ಎಂದಳು. ನಾಲ್ಕು ಹೆಜ್ಜೆ ನಡೆದು, “ಆದ್ರೂ ಬರ್ಕೊಂಡೋದ್ಳಲ್ಲ” ಎಂದಳು.

ಮುಂದಿನ ಬೇಸಿಗೆಯಲ್ಲೂ ಮೇಡಂ ಬಂದರು. ಹಕ್ಕಿ ಬರಲಿಲ್ಲ. ಅವರು ಬಂಡೆಯ ಬಳಿ ಕೂತು ಕಾದದ್ದನ್ನು ನಾನು ನೋಡಿದೆ. ಸುಮ್ಮನಿದ್ದೆ.

ಅದರ ಮುಂದಿನ ವರ್ಷ ಟ್ರಾಕ್ಟರಿನವರು ಬಂದರು. ಅವರ ಕೈಯಲ್ಲಿ ಪುಸ್ತಕ ಇರಲಿಲ್ಲ. ಅವರ ಮುಖಂಡ ಬಂದವನೇ ನಮ್ಮಪ್ಪನನ್ನು ‘ಮಾವ’ ಎಂದ, ಅತ್ತೆಯನ್ನು ‘ಅಕ್ಕ’ ಎಂದ; ಯಾರ ಮದುವೆ ಯಾವಾಗ ಎಂದೆಲ್ಲ ವಿಚಾರಿಸಿದ. ಒಂದಿಷ್ಟು ಮರಳು ಬೇಕು, ಶಾಲೆ ಕಟ್ಟಡಕ್ಕೆ, ಎಂದ. ಯಾವ ಶಾಲೆ ಎಂದು ಯಾರೂ ಕೇಳಲಿಲ್ಲ. ಗದ್ದೆಯ ಬದು ಒಡೆದು ನಾವೇ ದಾರಿ ಮಾಡಿಕೊಟ್ಟೆವು. ಅತ್ತೆ ಚೊಂಬಿನಲ್ಲಿ ಮಜ್ಜಿಗೆ ಕೊಟ್ಟಳು.

ಆ ಬೇಸಿಗೆ ಮೇಡಂ ಬಂದಾಗ ತೆಪ್ಪ ಹತ್ತಲಿಲ್ಲ. ದಡದಲ್ಲೇ ನಿಂತು, ಮೊದಲನೇ ತಿಟ್ಟು ಇದ್ದ ಕಡೆ ಟ್ರಾಕ್ಟರುಗಳು ನೀರಿಗೆ ಇಳಿದು ಏರುವುದನ್ನು ನೋಡುತ್ತಿದ್ದರು. ನನಗಾಗ ಹನ್ನೆರಡು. ಅಲ್ಲಿ ನಿಂತೇ ಎಲ್ಲ ಹೇಳಿದೆ. ಕಿತ್ತಳೆ ಕಾಲು, ಕಾಡಿಗೆ ಮುಖ, ಓಡಿಬಂದು ಎದೆಯಿಂದ ಕಲ್ಲು ನೂಕಿದ್ದು, ನಾನು ಕಲ್ಲು ಬೀಸಿದ್ದು.

ಮೇಡಂ ನನ್ನತ್ತ ತಿರುಗಿದರು. ಆ ನೋಟ ನನಗೆ ಗೊತ್ತಿತ್ತು. ಮೀಟರಿನವನನ್ನು ನಾವು ನೋಡುತ್ತಿದ್ದದ್ದು ಹಾಗೇ.

“ಪುಸ್ತಕದಲ್ಲಿ ಚಿತ್ರ ನೋಡಿ ಹೇಳ್ತಿಲ್ಲ ತಾನೆ?”

“ಇಲ್ಲ ಮೇಡಂ. ದೇವರಾಣೆ.”

“ಅವತ್ತು ಕೇಳಿದಾಗ ಟಿಟ್ಟಿಭ ಅಂದೆ. ಇವತ್ತು ಇದನ್ನ ಹೇಳ್ತಿದ್ದೀಯ. ನಾನು ಯಾವುದನ್ನ ನಂಬಲಿ, ಮಗು?” ಕೋಪದಲ್ಲಿ ಕೇಳಲಿಲ್ಲ ಅವರು. ನಿಜವಾಗಿ ಗೊತ್ತಾಗದೆ ಕೇಳಿದರು. ಪುಸ್ತಕ ತೆರೆದರು, ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು, ಏನೂ ಬರೆಯದೆ ಮುಚ್ಚಿದರು. ಹೊರಡುವಾಗ ನನ್ನ ತಲೆ ಸವರಿದರು. ಮತ್ತೆ ಬರಲಿಲ್ಲ.

ನಾಲ್ಕೇ ಬೇಸಿಗೆಯಲ್ಲಿ ನಮ್ಮ ತಿಟ್ಟೂ ಹೋಯಿತು.

ಈಗ ನಾನು ನಾಗಮಂಗಲದಲ್ಲಿ ಮೇಡಂ ಆಗಿದ್ದೇನೆ. ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ. ಹೊಳೆ ಇಲ್ಲದ ಸೀಮೆ, ರಾಗಿ ಹೊಲ, ತೆಂಗು. ಕಳೆದ ಬೇಸಿಗೆ ಊರಿಗೆ ಹೋದಾಗ ಅತ್ತೆಯನ್ನು ಕೈಹಿಡಿದು ಹೊಳೆ ದಂಡೆಗೆ ನಡೆಸಿಕೊಂಡು ಹೋದೆ. ಅವಳಿಗೆ ಮಂಡಿನೋವು. ಮರಳು ತೆಗೆದ ಗುಂಡಿಗಳ ಮೇಲೆ ನೀರು ಹಸಿರುಗಟ್ಟಿ ನಿಂತಿತ್ತು. ಮಕ್ಕಳನ್ನು ಇಳಿಯಲು ಬಿಡುವುದಿಲ್ಲವಂತೆ, ಆಳ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಅಲ್ಲಿ ಕೂತು, ಆ ಹಕ್ಕಿಯನ್ನು ನಾನು ಓಡಿಸಿದ್ದನ್ನು ಮೊದಲ ಸಲ ಅವಳಿಗೆ ಹೇಳಿದೆ.

ಅತ್ತೆ ಮಂಡಿ ನೀವಿಕೊಂಡಳು. “ಅವ್ಳು ನೋಡಿದ್ರೆ ನಿಜ್ವಾಗ್ಲೂ ಬೇಲಿ ಆಕ್ತಿದ್ರಾ?”

“ಗೊತ್ತಿಲ್ಲತ್ತೆ.”

“ಆಕಿದ್ರೆ ಆಕ್ಲಿ ಅಂತ ಬುಟ್ಬುಡ್ಬೇಕಿತ್ತು. ನಮ್ಗಲ್ದಿದ್ರೂ ತಿಟ್ಟಾದ್ರೂ ಉಳೀತಿತ್ತು” ಎಂದು ಎದ್ದಳು.

ನಾವು ಹಿಂದಿರುಗುವಾಗ ಗದ್ದೆ ಬಯಲಲ್ಲಿ ಹೊಸ ಕಾರೊಂದು ನಿಂತಿತ್ತು. ಗುರುತಿಲ್ಲದ ಮೂವರು ಇಳಿದು ಹೊಳೆಯ ಕಡೆ ಕೈ ತೋರಿಸಿ ಏನೋ ಮಾತಾಡಿಕೊಳ್ಳುತ್ತಿದ್ದರು. ಟೀ ಅಂಗಡಿಯ ಮುಂದೆ ಏಳೆಂಟು ಜನ ಕೂತಿದ್ದರು. ಎಲ್ಲರ ತಲೆಯೂ ಮೊಬೈಲಿಗೆ ಬಗ್ಗಿತ್ತು. ಯಾರು, ಯಾವೂರು, ಯಾಕೆ ಬಂದಿರಿ ಎಂದು ಕೇಳಲು ಒಬ್ಬರೂ ಏಳಲಿಲ್ಲ. ನಾನೂ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.